ಸೂರ್ಯನ ಬದಲಿಗೆ ಯಾವ ದೀಪ?

(ಬೆಂಗಳೂರಿನ ಗಿರಿನಗರದಲ್ಲಿ ಭಾನುವಾರ ಬೆಳಿಗ್ಗೆ ಆಸಕ್ತರ ಮುಂದೆ ಆಡಿದ ಮಾತಿನ ಅಕ್ಷರ ರೂಪ ಇದು. ಮಾತನಾಡಿದವರು ವಸ್ತು ಪರೀಕ್ಷೆಯ ಪ್ರಯೋಗಾಲಯಗಳಲ್ಲಿ ದುಡಿದು ನಿವೃತ್ತರಾದವರು. ಆಡುಮಾತಿನ ಧಾಟಿಯನ್ನು ಆದಷ್ಟೂ ಉಳಿಸಿಕೊಂಡಿದ್ದೇವೆ.)



ಇಲ್ಲಿಂದ ಗವಿಪುರ ಎಷ್ಟು ದೂರ? ಟ್ರಾಫಿಕ್ ಇಲ್ಲದಿದ್ರೆ ಆಟೋದಲ್ಲಿ ಹತ್ತು ನಿಮಿಷ. ಮಕರ ಸಂಕ್ರಾಂತಿ ದಿನ ಸಂಜೆ ಅಲ್ಲಿನ ಗವಿ ಗಂಗಾಧರೇಶ್ವರನ ಗುಡಿಯಲ್ಲಿ ಏನಾಗುತ್ತೆ ಅಂತ ನಿಮಗೆಲ್ಲ ಗೊತ್ತಿದೆ. ಬಿಸಿಲು ನಂದಿಯ ಕೊಂಬುಗಳ ನಡುವೆ ಹಾದು, ಗವಿಯೊಳಗಿನ ಲಿಂಗದ ಮೇಲೆ ಬೀಳುತ್ತೆ. ಕೆಲವೇ ನಿಮಿಷ. ಅದನ್ನು ನೋಡೋಕೆ ಜನ ಸಾಲುಗಟ್ಟಿ ನಿಂತಿರ್ತಾರೆ. ಸರಿಯಾಗಿ ಆ ಹೊತ್ತಿಗೆ ಮೋಡ ಅಡ್ಡ ಬಂದ್ರೆ? ಮುಗೀತು, ಮುಂದಿನ ವರ್ಷ ಬನ್ನಿ.

ಭಕ್ತರು ಒಂದು ವರ್ಷ ಕಾಯ್ತಾರೆ. ಪ್ರಯೋಗಾಲಯ ಕಾಯೋಕಾಗಲ್ಲ. ಒಂದು ಬಣ್ಣದ ಡಬ್ಬಿ, ಒಂದು ಸೀರೆ, ಒಂದು ಸೋಲಾರ್ ಫಲಕ ಬಿಸಿಲಿಗೆ ಹೇಗೆ ತಡೆಯುತ್ತೆ ಅಂತ ಇವತ್ತೇ ಗೊತ್ತಾಗಬೇಕು. ನಾಳೆ ಮತ್ತೆ ಅದೇ ಪರೀಕ್ಷೆ ಮಾಡಿದ್ರೆ ಅದೇ ಉತ್ತರ ಬರಬೇಕು. ಹೊರಗಿನ ಬಿಸಿಲು ಹಾಗೆ ಮಾತು ಕೇಳಲ್ಲ. ಹಾಗಾಗಿ ನಾವು ಪೆಟ್ಟಿಗೆಯೊಳಗೆ ಒಂದು ಸೂರ್ಯನನ್ನು ಮಾಡ್ಕೋತೀವಿ. ದೀಪದ ಸೂರ್ಯ. ಆ ದೀಪವನ್ನು ಆರಿಸೋದು ಹೇಗೆ ಅನ್ನೋದೇ ಇವತ್ತಿನ ವಿಷಯ.

ಇದೇನು ಮಹಾ ವಿಷಯ ಅಂತ ಅನ್ನಿಸಬಹುದು. ನಾನೇ ಒಂದು ಸಲ ತಪ್ಪು ದೀಪ ಆರಿಸಿದ್ದೆ. ಅದರ ಬೆಲೆ ತೆತ್ತವರು ಒಬ್ಬ ರೈತರು. ಆ ಕಥೆ ಹೇಳಬೇಕು ಅಂತಲೇ ಬಂದಿದ್ದೀನಿ. ಅದಕ್ಕೂ ಮೊದಲು ಸೂರ್ಯನ ವಿಚಾರ ಸ್ವಲ್ಪ ತಿಳ್ಕೊಳ್ಳೋಣ.

ಸೂರ್ಯ ಅಂದರೆ ಯಾವ ಸೂರ್ಯ?

ಆಕಾಶದಲ್ಲಿರೋದು ಒಬ್ಬನೇ ಸೂರ್ಯ. ಆದರೆ ನಮಗೆ ತಲುಪೋ ಬಿಸಿಲು ನಾನಾ ಥರ. ವಾತಾವರಣದ ಆಚೆ, ಉಪಗ್ರಹ ಇರೋ ಜಾಗದಲ್ಲಿ, ಒಂದು ಚದರ ಮೀಟರಿಗೆ ಸುಮಾರು 1361 ವ್ಯಾಟ್ ಬೀಳುತ್ತೆ. ಗಾಳಿಯನ್ನು ಹಾಯ್ದು ನೆಲಕ್ಕೆ ಬರುವಾಗ ಒಂದಿಷ್ಟು ಸೋರಿಹೋಗುತ್ತೆ. ಮುಖ್ಯವಾಗಿ ಓಝೋನ್ ಪದರ, ಸುಮಾರು 295 ನ್ಯಾನೋಮೀಟರಿಗಿಂತ ಚಿಕ್ಕ ತರಂಗದ ಅತಿನೇರಳೆ ಕಿರಣಗಳನ್ನು ಹೆಚ್ಚುಕಡಿಮೆ ಪೂರ್ತಿ ನುಂಗಿಬಿಡುತ್ತೆ. ಈ 295 ಅನ್ನೋ ಸಂಖ್ಯೆ ನೆನಪಿಟ್ಕೊಳ್ಳಿ. ನನ್ನ ತಪ್ಪು ಅಲ್ಲೇ ಇದೆ.

ಸೋಲಾರ್ ಫಲಕಗಳಿಗೆ ಜಗತ್ತೆಲ್ಲ ಒಪ್ಪಿಕೊಂಡ ಒಂದು ಅಳತೆಯ ಸೂರ್ಯ ಇದ್ದಾನೆ. ಹೆಸರು ಎ.ಎಂ. 1.5. ಅಂದರೆ ಸೂರ್ಯ ನೆತ್ತಿಯಿಂದ ಸುಮಾರು 48 ಡಿಗ್ರಿ ವಾಲಿದ್ದಾಗ, ಬೆಳಕು ಒಂದೂವರೆ ಪಾಲು ಗಾಳಿ ದಾಟಿ ಬರೋ ಬಿಸಿಲು. ಅದರ ಪಟ್ಟಿಯನ್ನು ತಯಾರಿಸುವಾಗ ಮನಸ್ಸಿನಲ್ಲಿದ್ದದ್ದು ಅಮೆರಿಕದ ಮಧ್ಯ ಅಕ್ಷಾಂಶಗಳು. ನಮ್ಮ ಬೆಂಗಳೂರು 13 ಡಿಗ್ರಿಯಲ್ಲಿದೆ. ವರ್ಷಕ್ಕೆ ಎರಡು ಸಲ, ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ, ಮಧ್ಯಾಹ್ನ ನಮ್ಮ ನೆರಳು ಕಾಲಡಿಗೇ ಬೀಳುತ್ತೆ. ಶೂನ್ಯ ನೆರಳಿನ ದಿನ ಅಂತ ಮಕ್ಕಳು ಶಾಲೆಯಲ್ಲಿ ಕಡ್ಡಿ ನಿಲ್ಲಿಸಿ ನೋಡ್ತಾರಲ್ಲ, ಅದೇ. ಆ ದಿನ ಸೂರ್ಯ 48 ಡಿಗ್ರಿ ವಾಲೋ ಹೊತ್ತಿಗೆ ಮಧ್ಯಾಹ್ನ ಮೂರೂವರೆ ಆಗಿರುತ್ತೆ. ಅಂದರೆ ಪುಸ್ತಕದ ಸೂರ್ಯ ನಮಗೆ ಕಾಫಿ ಹೊತ್ತಿನ ಸೂರ್ಯ. ಮಟಮಟ ಮಧ್ಯಾಹ್ನದ ನಮ್ಮ ಬಿಸಿಲಲ್ಲಿ ಅತಿನೇರಳೆ ಪಾಲು ಅದಕ್ಕಿಂತ ಜಾಸ್ತಿ. ಜೊತೆಗೆ ಊರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರ. ಗಾಳಿ ತಂಪಾಗಿರುತ್ತೆ ಅಂತ ನಾವು ಬಿಸಿಲನ್ನು ಕಡೆಗಣಿಸ್ತೀವಿ ಅಷ್ಟೆ.

ಸಿನಿಮಾ ಟಾಕೀಸಿನಿಂದ ಪ್ರಯೋಗಾಲಯಕ್ಕೆ

ಈಗ ದೀಪಗಳಿಗೆ ಬರೋಣ. ನಿಮ್ಮಲ್ಲಿ ವಯಸ್ಸಾದವರು ಕೆ.ಜಿ. ರಸ್ತೆಯ ಟಾಕೀಸುಗಳಲ್ಲಿ ಸಿನಿಮಾ ನೋಡಿರ್ತೀರಿ. ಹಳೇ ಕಾಲದ ಪ್ರೊಜೆಕ್ಟರಿನಲ್ಲಿ ಬಲ್ಬ್ ಇರಲಿಲ್ಲ. ಎರಡು ಕಾರ್ಬನ್ ಕಡ್ಡಿಗಳ ತುದಿ ತಾಗಿಸಿ ದೂರ ಸರಿಸಿದರೆ ನಡುವೆ ಚಾಪದ ಬೆಳಕು ಹತ್ತುತ್ತಿತ್ತು. ಕಡ್ಡಿ ಸವೆದಂತೆಲ್ಲ ಆಪರೇಟರ್ ಸರಿಪಡಿಸ್ತಾ ಇರಬೇಕಿತ್ತು. ಆಮೇಲೆ ಕ್ಸೆನಾನ್ ದೀಪ ಬಂತು, ಕಡ್ಡಿಗಳು ಹೋದವು.

ಬಣ್ಣ ಮಾಸುವ ಪರೀಕ್ಷೆಯ ಪೆಟ್ಟಿಗೆಯಲ್ಲೂ ನಡೆದದ್ದು ಇದೇ ಕಥೆ. ನೂರು ವರ್ಷದ ಹಿಂದೆ ಅಲ್ಲಿ ಕಾರ್ಬನ್ ಚಾಪ. ಬೆಳಕೇನೋ ಪ್ರಖರ, ಆದರೆ ಅದರ ರೋಹಿತ ಸೂರ್ಯನ ಥರ ಇರಲಿಲ್ಲ. ಕೆಲವು ತರಂಗಗಳಲ್ಲಿ ಅತಿ, ಕೆಲವು ಕಡೆ ಬಡತನ. 1950ರ ದಶಕದಲ್ಲಿ ಜರ್ಮನಿಯಲ್ಲಿ ಕ್ಸೆನಾನ್ ಪೆಟ್ಟಿಗೆ ಬಂದಮೇಲೆ ಮೊದಲ ಸಲ ಅತಿನೇರಳೆ, ಕಣ್ಣಿಗೆ ಕಾಣೋ ಬೆಳಕು, ಅವಕೆಂಪು ಮೂರೂ ಸೂರ್ಯನಿಗೆ ಹತ್ತಿರವಾದವು. ಅದಕ್ಕೂ ಸರಿಯಾದ ಫಿಲ್ಟರ್ ಗಾಜು ಹಾಕಲೇಬೇಕು. ಇಲ್ಲದಿದ್ದರೆ 295ಕ್ಕಿಂತ ಕೆಳಗಿನ ಕಿರಣಗಳೂ ಹೊರಬರುತ್ತವೆ. ಖರ್ಚೂ ಹೆಚ್ಚು. ಸಾವಿರ, ಒಂದೂವರೆ ಸಾವಿರ ಗಂಟೆಗೆ ದೀಪ ಬದಲಾಯಿಸಬೇಕು. ಸಿನಿಮಾ ಪ್ರೊಜೆಕ್ಟರಿನಲ್ಲಿ ಇರೋ ಥರದ ಗಿಡ್ಡ ಚಾಪದ ದೀಪವಾದರೆ ಆರಿ ತಣ್ಣಗಿರುವಾಗಲೂ ಒಳಗೆ ವಿಪರೀತ ಒತ್ತಡ ಇರುತ್ತೆ, ಮುಖಕ್ಕೆ ಕವಚ ಹಾಕಿಕೊಳ್ಳದೆ ಮುಟ್ಟೋ ಹಾಗಿಲ್ಲ.

ಹ್ಯಾಲೋಜನ್ ಅಗ್ಗ. ಎಸ್.ಪಿ. ರಸ್ತೆಯಲ್ಲಿ ಸಿಗುತ್ತೆ. ಆದರೆ ಸೂರ್ಯನ ಮೇಲ್ಮೈ ಸುಮಾರು 5800 ಕೆಲ್ವಿನ್, ಹ್ಯಾಲೋಜನ್ ತಂತಿ ಸುಮಾರು 3000 ಕೆಲ್ವಿನ್. ಹಾಗಾಗಿ ಅದು ಕೊಡೋದು ಬಹುಪಾಲು ಅವಕೆಂಪು, ಅಂದರೆ ಕಾವು. ಅತಿನೇರಳೆ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಮೆಟಲ್ ಹ್ಯಾಲೈಡ್ ಅಂತ ಇನ್ನೊಂದು, ಕ್ರೀಡಾಂಗಣಗಳ ಮಹಾದೀಪದ ಜಾತಿ. ಇಡೀ ಕಾರನ್ನು ನಿಲ್ಲಿಸಿ ಬಿಸಿಲು ಹೊಡೆಸೋ ದೊಡ್ಡ ಕೋಣೆಗಳಿಗೆ ಅದು ಒದಗುತ್ತೆ. ಎಲ್‌ಇಡಿ ಹೊಸಬ. ಹತ್ತಾರು ಬಣ್ಣದ ಎಲ್‌ಇಡಿಗಳನ್ನು ಸೇರಿಸಿ, ಒಂದೊಂದರ ಪ್ರಮಾಣ ಬೇರೆಬೇರೆಯಾಗಿ ತಿರುಗಿಸಿ ಬೇಕಾದ ರೋಹಿತ ಹೆಣೆಯಬಹುದು, ಬಾಳಿಕೆಯೂ ಜಾಸ್ತಿ. ಆದರೆ ಅತಿನೇರಳೆಯ ತುದಿಯಲ್ಲಿ ಇನ್ನೂ ದುರ್ಬಲ, ದುಬಾರಿ.

ಕೊನೆಗೆ ಫ್ಲೋರೆಸೆಂಟ್ ಅತಿನೇರಳೆ ಕೊಳವೆಗಳು. ನೋಡೋಕೆ ಮನೆಯ ಟ್ಯೂಬ್‌ಲೈಟ್ ಥರವೇ. ಇವು ಪೂರ್ತಿ ಸೂರ್ಯನನ್ನು ಅನುಕರಿಸೋ ಗೋಜಿಗೇ ಹೋಗಲ್ಲ, ಹಾಳುಮಾಡೋ ಅತಿನೇರಳೆ ಭಾಗವನ್ನಷ್ಟೇ ಕೊಡುತ್ತವೆ. ಇವುಗಳಲ್ಲಿ ಎರಡು ಜಾತಿ ಮುಖ್ಯ. ಯುವಿಎ-340 ಅನ್ನೋದು 295ರಿಂದ 365 ನ್ಯಾನೋಮೀಟರ್‌ವರೆಗೆ ಸೂರ್ಯನ ಗೆರೆಯ ಮೇಲೇ ಕೂರುತ್ತೆ. ಯುವಿಬಿ-313 ಅನ್ನೋದು 295ರ ಕೆಳಗೂ ಧಾರಾಳವಾಗಿ ಸುರಿಯುತ್ತೆ. ಅಂದರೆ ನೆಲಕ್ಕೆ ಯಾವತ್ತೂ ಬೀಳದ ಬಿಸಿಲನ್ನು ಅದು ಸುರಿಯುತ್ತೆ. ಲಾಭ ಏನು? ಬೇಗ ಫಲಿತಾಂಶ.

ನನ್ನ ತಪ್ಪು

ಈಗ ಆ ಕಥೆ. ಪಾಲಿಹೌಸ್ ಗೊತ್ತಲ್ಲ? ಕೋಲಾರ, ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರದ ಕಡೆ ಹೋದರೆ ಹೊಲದ ತುಂಬ ಬಿಳೀ ಚಪ್ಪರಗಳು. ಒಳಗೆ ಗುಲಾಬಿ, ಜರ್ಬೆರಾ, ದಪ್ಪ ಮೆಣಸಿನಕಾಯಿ. ಮೇಲಿನ ಪಾಲಿಥೀನ್ ಹಾಳೆಗೆ ಬಿಸಿಲು ತಡೆಯೋ ರಾಸಾಯನಿಕ ಬೆರೆಸಿರ್ತಾರೆ. ಮೂರು ವರ್ಷ ಬರಬೇಕು ಅನ್ನೋದು ಲೆಕ್ಕಾಚಾರ.

ಆಗ ನಾನಿದ್ದ ಪ್ರಯೋಗಾಲಯಕ್ಕೆ ಎರಡು ಮಾದರಿ ಹಾಳೆ ಬಂದವು. ಯಾವುದು ಹೆಚ್ಚು ದಿನ ಬಾಳುತ್ತೆ ಹೇಳಿ ಅಂತ. ಅವಸರ. ಎಲ್ಲರಿಗೂ ಅವಸರ. ಪೆಟ್ಟಿಗೆಯಲ್ಲಿ 313 ಕೊಳವೆಗಳು ಇದ್ದವು, ಬೇಗ ಮುಗಿಯುತ್ತೆ ಅಂತ ಅದರಲ್ಲೇ ಹಾಕಿಸಿದೆ. ಮೊದಲ ಹಾಳೆ ಬೇಗ ಪುಡಿಯಾಯಿತು, ಎರಡನೆಯದು ನಿಂತಿತು. ಎರಡನೆಯದೇ ವಾಸಿ ಅಂತ ವರದಿ ಬರೆದೆ. ಸಹಿ ನನ್ನದೇ.

ಎರಡನೇ ಬೇಸಿಗೆಗೆ ಫೋನ್ ಬಂತು. ಹೋಗಿ ನೋಡಿದೆ. ಹಾಳೆ ಕೈಯಲ್ಲಿ ಹಿಡಿದರೆ ಹಪ್ಪಳದ ಹಾಗೆ ಮುರೀತಿತ್ತು. ಗಾಳಿ ಬಂದ ರಾತ್ರಿ ಅರ್ಧ ಚಪ್ಪರ ಹಾರಿಹೋಗಿತ್ತು, ಒಳಗಿನ ಬೆಳೆ ಮಲಗಿತ್ತು. ಆ ರೈತರು ಕೂಗಾಡಲಿಲ್ಲ. ಒಂದೇ ಮಾತು ಕೇಳಿದ್ರು: "ಸಾರ್, ನಿಮ್ ಮಿಷನ್ನಿಗೆ ನಮ್ ಬಿಸ್ಲು ಗೊತ್ತಿಲ್ವಾ?"

ಅವತ್ತು ವಾಪಸ್ ಬರೋ ದಾರಿಯುದ್ದಕ್ಕೂ ಅದೇ ಮಾತು ತಲೆಯಲ್ಲಿ. ಬಂದವನೇ ಉಳಿದಿದ್ದ ತುಂಡುಗಳನ್ನು ಯುವಿಎ-340 ಕೆಳಗೆ ಇಟ್ಟೆ. ಹೆಚ್ಚು ವಾರ ಹಿಡೀತು, ಆದರೆ ಉತ್ತರ ತಲೆಕೆಳಗಾಗಿ ಬಂತು. ಮೊದಲನೆಯ ಹಾಳೆ ಗಟ್ಟಿ, ಎರಡನೆಯದು ದುರ್ಬಲ.

ಯಾಕೆ ಹೀಗಾಯ್ತು? ತರಂಗ ಚಿಕ್ಕದಾದಷ್ಟೂ ಬೆಳಕಿನ ಒಂದೊಂದು ಕಣದ ಶಕ್ತಿ ಜಾಸ್ತಿ. ಇಂಗಾಲ-ಇಂಗಾಲದ ಬಂಧ ಮುರಿಯೋಕೆ ಬೇಕಾದ ಶಕ್ತಿ ಸುಮಾರು 346 ನ್ಯಾನೋಮೀಟರಿನ ಕಣಕ್ಕೆ ಸಮ. ಅದಕ್ಕಿಂತ ಚಿಕ್ಕ ತರಂಗವಾದರೆ ಶಕ್ತಿ ಇನ್ನೂ ಹೆಚ್ಚು. ಸೂರ್ಯನಲ್ಲಿ ಇಲ್ಲದ 280 ನ್ಯಾನೋಮೀಟರಿನ ಕಿರಣ ಹೊಡೆದರೆ, ಸೂರ್ಯನ ಕೆಳಗೆ ಎಂದೂ ನಡೆಯದ ರಾಸಾಯನಿಕ ಕ್ರಿಯೆಗಳು ಶುರುವಾಗುತ್ತವೆ. ನಾನು ಆ ಹಾಳೆಗಳನ್ನು ಬೇಗ ಮುದಿಮಾಡಲಿಲ್ಲ, ಬೇರೆ ಯಾವುದೋ ಕಾಯಿಲೆ ಬರಿಸಿ ಸಾಯಿಸಿದೆ. ಎರಡೂ ಒಂದೇ ಅಲ್ಲ.

ಇನ್ನೊಂದು ಪಾಠವನ್ನೂ ಆ ಹೊಲವೇ ಕಲಿಸಿತು. ಹಾಳೆ ಮೊದಲು ಹರಿದದ್ದು ಜಿ.ಐ. ಪೈಪಿನ ಮೇಲೆ ಕೂತಿದ್ದ ಗೆರೆಗಳಲ್ಲಿ. ಮಧ್ಯಾಹ್ನ ಪೈಪ್ ಕಾದು ಹಾಳೆಯನ್ನು ಸುಡುತ್ತೆ. ಜೊತೆಗೆ ಬೂದಿರೋಗಕ್ಕೆ ಗಂಧಕ ಬಳಸ್ತಾರೆ. ಆ ಗಂಧಕ ಹಾಳೆಯೊಳಗಿನ ರಕ್ಷಕ ರಾಸಾಯನಿಕವನ್ನೇ ಕೆಡಿಸುತ್ತೆ. ಸರಿಯಾದ ದೀಪ ಹಾಕಿದ್ರೂ ಈ ಎರಡನ್ನೂ ನನ್ನ ಪೆಟ್ಟಿಗೆ ಕಾಣ್ತಿರಲಿಲ್ಲ. ಆಮೇಲಿಂದ ಪೈಪಿನ ತುಂಡಿಗೆ ಹಾಳೆ ಬಿಗಿದು ಪರೀಕ್ಷೆಗೆ ಇಡೋ ರೂಢಿ ಮಾಡಿಕೊಂಡೆ.

ಮೂರು ಮನೆ, ಮೂರು ಸೂರ್ಯ

ಆ ದಿನದಿಂದ ನನಗೆ ಒಂದೇ ಸೂತ್ರ. ದೀಪ ನಮ್ಮ ಕಣ್ಣಿಗೆ ಸೂರ್ಯನ ಹಾಗೆ ಕಂಡರೆ ಸಾಲದು, ಪರೀಕ್ಷೆಗೆ ಇಟ್ಟ ವಸ್ತುವಿಗೆ ಸೂರ್ಯನ ಹಾಗೆ ಕಾಣಬೇಕು. ನಮ್ಮ ಊರಿನ, ನಮ್ಮ ರಾಜ್ಯದ ಮೂರು ಉದಾಹರಣೆ ಕೊಡ್ತೀನಿ.

ಮೊದಲನೆಯದು ಸಿಲ್ಕ್ ಬೋರ್ಡ್. ಆ ಹೆಸರು ಹೇಳಿದರೆ ಎಲ್ಲರಿಗೂ ನೆನಪಾಗೋದು ಟ್ರಾಫಿಕ್ ಜಾಮ್. ಆದರೆ ಬಿಟಿಎಂ ಬಡಾವಣೆಯ ಆ ಆವರಣದಲ್ಲಿ ಕೇಂದ್ರೀಯ ರೇಷ್ಮೆ ಮಂಡಳಿಯ ತಾಂತ್ರಿಕ ಸಂಶೋಧನಾ ಸಂಸ್ಥೆ ಇದೆ, ನೂಲಿನಿಂದ ಬಟ್ಟೆವರೆಗೆ ರೇಷ್ಮೆಯ ಗುಣಮಟ್ಟದ ಕೆಲಸ ಅಲ್ಲಿ ನಡೆಯುತ್ತೆ. ರೇಷ್ಮೆ ಸೀರೆಯನ್ನು ನೆರಳಲ್ಲಿ ಒಣಗಿಸು ಅಂತ ಅಮ್ಮ ಹೇಳ್ತಿದ್ದದ್ದು ಸುಮ್ಮನೆ ಅಲ್ಲ. ರೇಷ್ಮೆ ಪ್ರೋಟೀನು. ಅದರೊಳಗಿನ ಟ್ರಿಪ್ಟೋಫ್ಯಾನ್, ಟೈರೋಸಿನ್ ಅನ್ನೋ ಅಂಶಗಳು ಅತಿನೇರಳೆ ಹೀರಿಕೊಂಡು ಬಟ್ಟೆ ಹಳದಿಯಾಗುತ್ತೆ, ನೂಲು ಸೊರಗುತ್ತೆ. ಬಣ್ಣ ಮಾಸೋದು ಬೇರೆ ಲೆಕ್ಕ, ಅದಕ್ಕೆ ಕಣ್ಣಿಗೆ ಕಾಣೋ ಬೆಳಕೂ ಕಾರಣ. ಹಾಗಾಗಿ ಬರೀ ಅತಿನೇರಳೆ ಕೊಳವೆ ಸಾಲದು, ಕ್ಸೆನಾನ್ ಬೇಕು. ಭಾರತೀಯ ಮಾನಕಗಳಲ್ಲಿ ಬಟ್ಟೆಯ ಬಣ್ಣಕ್ಕೆ ಹಗಲು ಬೆಳಕಿನ ಪರೀಕ್ಷೆ ಐಎಸ್ 686, ಕ್ಸೆನಾನ್ ದೀಪದ ಪರೀಕ್ಷೆ ಐಎಸ್ 2454. ಪಕ್ಕದಲ್ಲೇ ಎಂಟು ನೀಲಿ ಉಣ್ಣೆಯ ಪಟ್ಟಿಗಳನ್ನು ಇಡ್ತಾರೆ. ಒಂದನೆಯದು ಬೇಗ ಮಾಸುತ್ತೆ, ಎಂಟನೆಯದು ಬಹಳ ನಿಧಾನ. ನಿಮ್ಮ ಸೀರೆ ಯಾವ ಪಟ್ಟಿಯ ಜೊತೆಗೆ ಮಾಸಿತು ಅನ್ನೋದೇ ಅದರ ಅಂಕ. ಅಂಗಡಿಯ ಗಾಜಿನ ಹಿಂದೆ ಇರೋ ಸೀರೆಗೆ ಕಿಟಕಿ ಗಾಜಿನ ಫಿಲ್ಟರ್ ಹಾಕಬೇಕು, ಯಾಕಂದ್ರೆ ಆ ಗಾಜು ಚಿಕ್ಕ ತರಂಗದ ಅತಿನೇರಳೆಯನ್ನು ಇನ್ನಷ್ಟು ಸೋಸುತ್ತೆ.

ಎರಡನೆಯದು ಪಾವಗಡ. 2050 ಮೆಗಾವ್ಯಾಟ್ ಸೋಲಾರ್ ಪಾರ್ಕ್. ಫಲಕದ ಹಿಂದೆ ಇಷ್ಟು ವ್ಯಾಟ್ ಅಂತ ಚೀಟಿ ಅಂಟಿಸಿರ್ತಾರಲ್ಲ, ಅದು ಬಿಸಿಲಲ್ಲಿ ಅಳೆದದ್ದಲ್ಲ. ಕಾರ್ಖಾನೆಯಲ್ಲಿ ದೀಪದ ಕೆಳಗೆ ಅಳೆದದ್ದು. ಚದರ ಮೀಟರಿಗೆ 1000 ವ್ಯಾಟ್, 25 ಡಿಗ್ರಿ ತಾಪ. ಫಲಕ ಕಾದರೆ ಉತ್ಪಾದನೆ ಇಳಿಯುತ್ತೆ, ಹಾಗಾಗಿ ಕ್ಯಾಮೆರಾ ಫ್ಲ್ಯಾಶ್ ಥರ ಕ್ಷಣಾರ್ಧ ಮಿಂಚಿಸಿ ಅಳೀತಾರೆ. ಸಿಲಿಕಾನ್ ಸುಮಾರು 1100 ನ್ಯಾನೋಮೀಟರ್‌ವರೆಗೆ ಬೆಳಕನ್ನು ಬಳಸಿಕೊಳ್ಳುತ್ತೆ. ಕ್ಸೆನಾನ್ ಬೆಳಕಿನಲ್ಲಿ 800ರಿಂದ 1000ದ ನಡುವೆ ಚೂಪಾದ ಶಿಖರಗಳಿವೆ. ಫಿಲ್ಟರ್ ಹಾಕಿ ಅವನ್ನು ತಗ್ಗಿಸದಿದ್ದರೆ ಅಳತೆ ತಪ್ಪುತ್ತೆ. ಅದಕ್ಕೇ ಅಂತಾರಾಷ್ಟ್ರೀಯ ಮಾನಕ 400ರಿಂದ 1100ರವರೆಗೆ ಆರು ಪಟ್ಟಿ ಮಾಡಿ ಒಂದೊಂದರಲ್ಲೂ ದೀಪ ಸೂರ್ಯನಿಗೆ ಎಷ್ಟು ಹತ್ತಿರ ಅಂತ ನೋಡುತ್ತೆ. 'ಎ' ದರ್ಜೆ ಬೇಕೆಂದರೆ ಪ್ರತಿ ಪಟ್ಟಿಯಲ್ಲೂ ಶೇ 25ರೊಳಗಿನ ವ್ಯತ್ಯಾಸ. ಜೊತೆಗೆ ಬೆಳಕು ಎಲ್ಲ ಕಡೆ ಸಮವಾಗಿ ಬೀಳಬೇಕು, ಅಳೆಯುವಾಗ ಅಲುಗಬಾರದು. ಶೇ 1 ತಪ್ಪು ಅಷ್ಟೇನಾ ಅನ್ನಬೇಡಿ. 2050 ಮೆಗಾವ್ಯಾಟಿನಲ್ಲಿ ಅದು 20 ಮೆಗಾವ್ಯಾಟ್.

ಮೂರನೆಯದು ಇಸ್ರೊ. 1975ರ ಏಪ್ರಿಲ್ 19ರಂದು ಹಾರಿದ ಆರ್ಯಭಟ ತಯಾರಾದದ್ದು ನಮ್ಮ ಪೀಣ್ಯದ ಶೆಡ್ಡುಗಳಲ್ಲಿ. ಇವತ್ತು ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಇಡೀ ಉಪಗ್ರಹವನ್ನೇ ನಿರ್ವಾತ ಕೊಠಡಿಯೊಳಗೆ ಇಟ್ಟು ಪರೀಕ್ಷಿಸ್ತಾರೆ. ಉಪಗ್ರಹ ನೋಡೋದು ಗಾಳಿಯಿಲ್ಲದ ಸೂರ್ಯನನ್ನು, ಆ 1361 ವ್ಯಾಟಿನ ಸೂರ್ಯನನ್ನು. ಒಂದು ಮೈ ಸುಡುತ್ತೆ, ನೆರಳಿನ ಮೈ ಹೆಪ್ಪುಗಟ್ಟುತ್ತೆ. ಅಲ್ಲಿ ರೋಹಿತದ ಜೊತೆ ಇನ್ನೊಂದು ಷರತ್ತು ಸೇರುತ್ತೆ. ಆಕಾಶದಲ್ಲಿ ಸೂರ್ಯನ ಬಿಂಬ ಅರ್ಧ ಡಿಗ್ರಿ ಅಗಲ ಅಷ್ಟೆ, ಹಾಗಾಗಿ ಕಿರಣಗಳು ಹೆಚ್ಚುಕಡಿಮೆ ಸಮಾನಾಂತರ, ನೆರಳಿನ ಅಂಚು ಚೂಪು. ಟ್ಯೂಬ್‌ಲೈಟ್ ಸಾಲು ಹಾಕಿದರೆ ಅಂಥ ನೆರಳು ಬೀಳಲ್ಲ. ಚಿಕ್ಕ ಚುಕ್ಕೆಯಿಂದ ಹೊಮ್ಮೋ ಕ್ಸೆನಾನ್ ಚಾಪದ ಬೆಳಕನ್ನು ಕನ್ನಡಿಗಳಿಂದ ನೇರಮಾಡಿ ಹಾಯಿಸಬೇಕು.

ನೋಡಿದ್ರಲ್ಲ? ಸೀರೆಗೆ ಒಂದು ಸೂರ್ಯ, ಫಲಕಕ್ಕೆ ಒಂದು, ಉಪಗ್ರಹಕ್ಕೆ ಇನ್ನೊಂದು.

ಗಂಟೆಗೆ ಎಷ್ಟು ವರ್ಷ?

ಎಲ್ಲರೂ ಕೇಳೋ ಪ್ರಶ್ನೆ ಒಂದಿದೆ: "ಸಾವಿರ ಗಂಟೆ ಪರೀಕ್ಷೆ ಪಾಸಾದರೆ ಎಷ್ಟು ವರ್ಷ ಬರುತ್ತೆ ಸಾರ್?" ಬೆಸ್ಕಾಂ ಬಿಲ್ಲಿನ ಯೂನಿಟ್ ಲೆಕ್ಕದಲ್ಲೇ ನೋಡೋಣ. ಬೆಂಗಳೂರಲ್ಲಿ ಒಂದು ಚದರ ಮೀಟರ್ ಜಾಗಕ್ಕೆ ವರ್ಷಕ್ಕೆ ಸುಮಾರು 2000 ಯೂನಿಟ್ ಬಿಸಿಲು ಬೀಳುತ್ತೆ. ಅದರಲ್ಲಿ ಅತಿನೇರಳೆ ನೂರಕ್ಕೆ ಐದು ಪಾಲು ಅಂತಿಟ್ಕೊಳ್ಳಿ, ಅಂದರೆ 100 ಯೂನಿಟ್. ಮಾನಕದ ಕ್ಸೆನಾನ್ ಪೆಟ್ಟಿಗೆಯಲ್ಲಿ 300ರಿಂದ 400 ನ್ಯಾನೋಮೀಟರ್ ನಡುವೆ ಚದರ ಮೀಟರಿಗೆ 60 ವ್ಯಾಟ್. ಸಾವಿರ ಗಂಟೆಗೆ 60 ಯೂನಿಟ್. ಅಂದರೆ ಬೆಳಕಿನ ಲೆಕ್ಕದಲ್ಲಿ ಏಳೇ ತಿಂಗಳು! ಐದು ವರ್ಷ, ಹತ್ತು ವರ್ಷ ಅಂತ ಯಾರಾದರೂ ಹೇಳಿದರೆ ಯಾವ ಆಧಾರದ ಮೇಲೆ ಅಂತ ಕೇಳಿ. ಪೆಟ್ಟಿಗೆಯಲ್ಲಿ ಕಾವು ಜಾಸ್ತಿ, ನೀರೂ ಚಿಮುಕಿಸ್ತೀವಿ. 102 ನಿಮಿಷ ಒಣ ಬೆಳಕು, 18 ನಿಮಿಷ ಬೆಳಕಿನ ಜೊತೆ ನೀರು ಅನ್ನೋದು ಬಹಳ ಬಳಕೆಯಲ್ಲಿರೋ ಚಕ್ರ. ಅದರಿಂದ ಒಂದಷ್ಟು ವೇಗ ಸಿಗುತ್ತೆ, ಆದರೆ ಎಷ್ಟು ಅನ್ನೋದು ವಸ್ತುವಿನಿಂದ ವಸ್ತುವಿಗೆ ಬೇರೆ. ಎಲ್ಲಕ್ಕೂ ಒಂದೇ ಗುಣಾಕಾರ ಇಲ್ಲ.

ಇಲ್ಲಿ ಕಾಲೇಜು ಮಕ್ಕಳು ಕೂತಿದ್ದೀರಿ, ಪ್ರಾಜೆಕ್ಟ್ ಮಾಡೋರು. ನಿಮಗೆ ನಾಲ್ಕು ಮಾತು.

ಮೊದಲು ಕೇಳಬೇಕಾದದ್ದು ಯಾವ ದೀಪ ಅಂತಲ್ಲ. ನನ್ನ ವಸ್ತುವನ್ನು ಸೂರ್ಯನ ಯಾವ ಭಾಗ ಮುಟ್ಟುತ್ತೆ? ಅತಿನೇರಳೆಯಾ, ಬಣ್ಣದ ಬೆಳಕಾ, ಕಾವಾ? ಸೋಲಾರ್ ಒಲೆಯ ಕಾವಿನ ಅಂದಾಜಿಗೆ ಹ್ಯಾಲೋಜನ್ ಸಾಕಾದೀತು. ಆದರೆ ಒಲೆ ಮುಚ್ಚಿರೋ ಗಾಜು ಹ್ಯಾಲೋಜನ್ನಿನ ಉದ್ದ ತರಂಗಗಳನ್ನು ತಾನೇ ಒಂದಿಷ್ಟು ಹೀರುತ್ತೆ, ಅದನ್ನು ಮರೀಬೇಡಿ. ಅದೇ ಹ್ಯಾಲೋಜನ್ ಕೆಳಗೆ ಬಣ್ಣ ಮಾಸುತ್ತಾ ಅಂತ ನೋಡಿದರೆ ಏನೂ ಗೊತ್ತಾಗಲ್ಲ.

ಎರಡನೆಯದು, ವ್ಯಾಟ್ ಬರೆದು ಸುಮ್ಮನಾಗಬೇಡಿ. ಯಾವ ತರಂಗದಲ್ಲಿ ಎಷ್ಟು ಅಂತ ಬರೀರಿ. 1000 ವ್ಯಾಟ್ ಹ್ಯಾಲೋಜನ್ನಿಂದಲೂ ಬರುತ್ತೆ, ಸೂರ್ಯನಿಂದಲೂ ಬರುತ್ತೆ.

ಮೂರನೆಯದು, ದೀಪಕ್ಕೂ ಮುಪ್ಪು ಬರುತ್ತೆ. ಆರು ತಿಂಗಳ ಹಿಂದಿನ ದೀಪ ಇವತ್ತಿನದಲ್ಲ. ಅಳೀತಾ ಇರಿ.

ನಾಲ್ಕನೆಯದು ನಾನು ಕಷ್ಟಪಟ್ಟು ಕಲಿತದ್ದು. ಪ್ರತಿ ಮಾದರಿಯ ಒಂದು ತುಂಡನ್ನು ತಾರಸಿ ಮೇಲೆ ನಿಜವಾದ ಬಿಸಿಲಿಗೂ ಇಡಿ. ನಿಧಾನ ಆಗಲಿ ಪರವಾಗಿಲ್ಲ. ದೀಪ ಹೇಳಿದ ಕ್ರಮ, ತಾರಸಿ ಹೇಳಿದ ಕ್ರಮ ಒಂದೇ ಆದರೆ ದೀಪವನ್ನು ನಂಬಬಹುದು. ಬೇರೆಯಾದರೆ ತಾರಸಿಯನ್ನೇ ನಂಬಿ.

ಸೀತಾ ಸರ್ಕಲ್ ಹತ್ತಿರದ ನಮ್ಮ ಮನೆ ತಾರಸಿ ಮೇಲೆ ಈಗಲೂ ಒಂದು ಹಲಗೆ ಇದೆ, ದಕ್ಷಿಣಕ್ಕೆ ವಾಲಿಸಿ ನಿಲ್ಲಿಸಿದ್ದೀನಿ. ಅದರ ಮೇಲೆ ಬಟ್ಟೆ ಚೂರು, ಬಣ್ಣ ಬಳಿದ ತಗಡು, ಪ್ಲಾಸ್ಟಿಕ್ ತುಂಡು. ಒಂದು ಮೂಲೆಯಲ್ಲಿ ಆ ಪಾಲಿಹೌಸ್ ಹಾಳೆಯ ಮೊದಲನೇ ಮಾದರಿ, ನಾನು ಬೇಡ ಅಂದಿದ್ದದ್ದು, ಪೂರ್ತಿ ಮೂರು ವರ್ಷ ಇತ್ತು. ಮೂರನೇ ವರ್ಷದ ಕೊನೆಗೆ ಅದನ್ನು ಬಿಚ್ಚಿ ಕೈಯಲ್ಲಿ ಎಳೆದು ನೋಡಿದೆ. ಹರೀಲಿಲ್ಲ.

ಆ ರೈತರಿಗೆ ಫೋನ್ ಮಾಡಿ ಹೇಳಿದೆ. ಅವರು ಅಂದ್ರು, "ಈಗ ಗೊತ್ತಾಯ್ತಲ್ಲ ಬಿಡಿ ಸಾರ್, ಮುಂದಿನವ್ರಿಗೆ ಸರಿಯಾಗಿ ಹೇಳಿ." ಅದಕ್ಕೇ ಇವತ್ತು ಬಂದೆ.